ಪೇಶಂಟ್ ಯಾರು ಅಂದಾಗ ಮಗಳನ್ನು ತೋರಿಸಿದೆ

ಬ್ಯಾಡಗಿಯಲ್ಲಿ ಕೆಮ್ಮಿದರೆ ಯಾಕೆ ಅಂತ ಯಾರೂ ಕೇಳುವುದಿಲ್ಲ. ಮೆಣಸಿನಕಾಯಿ ಸುಗ್ಗಿಯಲ್ಲಿ ಊರಿಗೆ ಊರೇ ಕೆಮ್ಮುತ್ತದೆ, ಸೀನುತ್ತದೆ. ಆ ದಿನ ನಾನೂ ಅಂಗಳದಲ್ಲಿ ನಿಂತು ಜೋರಾಗಿ ಕೆಮ್ಮಿದೆ. ಕೆಳಗೆ ಏನೋ ಜಾರಿತು.

ಬಚ್ಚಲಿಗೆ ಹೋಗಿ ಕೈಯಿಟ್ಟು ನೋಡಿದೆ. ಮೆತ್ತಗೆ, ಲಿಂಬೆಹಣ್ಣಿನಷ್ಟು. ಯಜಮಾನರ ಶೇವಿಂಗ್ ಕನ್ನಡಿ ತಂದು ಹಿಡಿದೆ. ಕೆಂಪಗಿತ್ತು.

ಕ್ಯಾನ್ಸರ್.

ಡಾಕ್ಟರಿಗಿಂತ ಮೊದಲು ತೀರ್ಮಾನ ಮಾಡುವುದು ನನ್ನ ಹಳೆಯ ಚಟ. ಹಲ್ಲು ನೋವು ಬಂದರೂ ನನ್ನ ಇಳಕಲ್ ಸೀರೆ ಯಾರಿಗೆ ಹೋಗಬೇಕು ಅಂತ ಯೋಚಿಸುವವಳು ನಾನು. ಈ ಸಲ ಸೀರೆ ಹಂಚಿದ್ದಲ್ಲದೆ ನನ್ನ ತಿಥಿಗೆ ಏನು ಸಿಹಿ ಮಾಡಬೇಕೆಂದೂ ಗೊತ್ತು ಮಾಡಿದೆ. ಯಾರಿಗೂ ಹೇಳಲಿಲ್ಲ. ಚೀಲದ ಅಂಗಡಿಯಿಂದ ಊಟಕ್ಕೆ ಬಂದ ಯಜಮಾನರು, "ಯಾಕ, ಹಂಗ ನಡಿಯಾಕತ್ತಿ?" ಅಂದರು.

"ಸೊಂಟ ಹಿಡದೈತ್ರಿ."

ಮರುದಿನ ಮುಲಾಮು ತಂದುಕೊಟ್ಟರು. ಪಾಪ. ಸೊಂಟಕ್ಕೆ ಹಚ್ಚಿಕೊಂಡೆ ಕೂಡ.

ಬೆಳಿಗ್ಗೆ ಏಳುವಾಗ ಅದು ಒಳಗಿರುತ್ತಿತ್ತು. ರೊಟ್ಟಿ ಬಡಿದು ಮುಗಿಸುವಷ್ಟರಲ್ಲಿ ಹೊರಗೆ. ಹಳೇ ಪಂಚೆ ಹರಿದು ಬಿಗಿಯಾಗಿ ಕಟ್ಟಿಕೊಳ್ಳುತ್ತಿದ್ದೆ. ಮೂತ್ರಕ್ಕೆ ಕೂತರೆ ಪೂರಾ ಆಗದು, ನಕ್ಕರೆ ಹನಿಯುವುದು. ಹಾಗಾಗಿ ನಗುವುದನ್ನು ಬಿಟ್ಟೆ. ವಾಸನೆ ಬಂದೀತೆಂದು ಮಂದಿಯ ಮಗ್ಗುಲಲ್ಲಿ ಕೂರುವುದನ್ನೂ ಬಿಟ್ಟೆ. ಅರಿಸಿನ ಕುಂಕುಮಕ್ಕೆ ಕರೆದರೆ ಹೊಸ್ತಿಲಲ್ಲೇ ಇಸಿದುಕೊಂಡು ಬರುತ್ತಿದ್ದೆ. ಸೊಕ್ಕು ಬಂದೈತಿ ಅಂದರಂತೆ. ಅನ್ನಲಿ ಅಂದುಕೊಂಡೆ, ಸೊಕ್ಕಿಗಾದರೆ ಓಣಿಯಲ್ಲಿ ಒಂದು ಹೆಸರಿದೆ, ಇದಕ್ಕೆ ನನ್ನ ಬಾಯಿಯಲ್ಲಿ ಹೆಸರೇ ಇರಲಿಲ್ಲ.

ಹೀಗಿರುವಾಗ ಮಗಳು ಶೈಲಾ ಏಳು ತಿಂಗಳ ಬಸುರಿ, ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಬಾಣಂತನ ತಾಯಿಯದು. ಕೊಡಗಟ್ಟಲೆ ನೀರು ಹೊತ್ತು, ಹಂಡೆ ಕಾಸಿ, ಬಾಣಂತಿಗೂ ಕೂಸಿಗೂ ದಿನಾ ಎರೆಯಬೇಕು. ನನ್ನದು ಗೊತ್ತಾದರೆ ಆ ಕೆಲಸ ಕೈತಪ್ಪುತ್ತದೆ. ತಾಯಿ ಬದುಕಿದ್ದೂ ಬೇರೆಯವರು ಎರೆದರೆ ಜನ ಏನಂದಾರು ಎಂಬ ಹೆದರಿಕೆ ಇತ್ತು. ಅದಕ್ಕಿಂತ ಹೆಚ್ಚಾಗಿ, ಅದೊಂದನ್ನು ನನ್ನ ಕೈಯಾರೆ ಮಾಡುವ ಆಸೆ ಇತ್ತು.

ತಿಂಗಳಿಗೊಮ್ಮೆ ಅವಳನ್ನು ರಾಣೆಬೆನ್ನೂರಿನ ಲೇಡಿ ಡಾಕ್ಟರ ಹತ್ತಿರ ಚೆಕಪ್ಪಿಗೆ ಕರೆದೊಯ್ಯುತ್ತಿದ್ದೆ. ಬಾಗಿಲಲ್ಲಿ ನರ್ಸ್, "ಪೇಶಂಟ್ ಯಾರ್ರಿ?" ಅನ್ನುವಳು. "ಇಕಿ" ಅಂತ ಮಗಳನ್ನು ತೋರಿಸುತ್ತಿದ್ದೆ. ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡ ಮಾತು ನುಂಗಿ, ಅವಳ ಐರನ್ ಮಾತ್ರೆ ಹಿಡಿದುಕೊಂಡು ವಾಪಸ್. ಎರಡು ಸಲ ಹೀಗಾಯಿತು.

ಮೂರನೇ ಸಲ ಡಾಕ್ಟರ ಎದುರಿಗೇ ಕೆಮ್ಮು ಬಂತು. ಎರಡೂ ಕೈ ತಾವಾಗಿ ನಿರಿಗೆಗೆ ಹೋದವು. ಅವರು ಪೆನ್ನು ಕೆಳಗಿಟ್ಟರು.

"ಎಷ್ಟು ದಿನದಿಂದ್ರಿ ಅಮ್ಮಾ?"

"ಏನ್ರಿ?"

"ನಿಮ್ಮ ಕೈ ಎಲ್ಲಿ ಐತೋ, ಅದು."

"ಎರಡು ಸುಗ್ಗಿ ಆತ್ರಿ."

"ಯವ್ವಾ, ಎರಡು ವರ್ಷ!" ಅಂದಳು ಶೈಲಾ. ಅವಳ ಮುಖ ನೋಡುವ ಧೈರ್ಯವಾಗಲಿಲ್ಲ. ತಪಾಸಣೆಯ ಟೇಬಲ್ ಹತ್ತಿದೆ.

"ಕ್ಯಾನ್ಸರ್ ಏನ್ರಿ?"

"ಯಾರಂದ್ರು?"

"ನಾನ ಅಂದ್ಕೊಂಡೇನ್ರಿ."

ಡಾಕ್ಟರು ನಕ್ಕರು. "ಅಲ್ರಿ. ಗರ್ಭಕೋಶ ಜಾರೇತಿ. ಪ್ರೊಲ್ಯಾಪ್ಸ್, ಥರ್ಡ್ ಡಿಗ್ರಿ."

ಹೆರಿಗೆ, ಹೊತ್ತ ಭಾರ, ಬಿಡದ ಕೆಮ್ಮು, ಎಲ್ಲಾ ಸೇರಿ ಹಿಡಿದಿಡುವ ಸ್ನಾಯು ಸಡಿಲಾಗುತ್ತದಂತೆ. ಬಹಳ ಹೆಂಗಸರಿಗೆ ಇರುತ್ತದಂತೆ, ಹೇಳುವುದಿಲ್ಲವಂತೆ. ಆಪರೇಶನ್ ಇದೆ, ಅವಸರವಿಲ್ಲ ಅಂದರು. ಸದ್ಯಕ್ಕೆ ಒಳಗೆ ಬಳೆಯಂಥ ಒಂದು ರಿಂಗ್ ಕೂರಿಸಿದರು. ಕೋಶವನ್ನು ಅದು ಮೇಲೆಯೇ ತಡೆಯುತ್ತದೆ. ಕೆಳಗಿನ ಸ್ನಾಯು ಬಿಗಿಹಿಡಿದು ಬಿಡುವ ವ್ಯಾಯಾಮ ಕಲಿಸಿದರು. ಕೆಮ್ಮಿಗೆ ಔಷಧಿ ಬರೆದರು. ಕೊನೆಗೆ ಅಂದರು:

"ಭಾರ ಎತ್ತಬ್ಯಾಡ್ರಿ. ಒಂದು ಕೊಡ ನೀರೂ ಬ್ಯಾಡ."

ಒಂದು ಕೊಡವೂ.

ಊರಲ್ಲಿ ಬಸ್ಸಿಳಿದವಳೇ ಶೈಲಾ ಫೋನ್ ಮಾಡಲು ಕಾಯಿನ್ ಬೂತಿನ ಕಡೆ ನಡೆದಳು. "ನಮ್ಮತ್ತಿಗೆ ಹೇಳ್ತೀನಿ. ಅವ್ರು ಬಂದು ಎರೀಲಿ."

"ಬೀಗತಿ ಕೈಲೆ? ನಮ್ಮ ಮನ್ಯಾಗ? ಮರ್ಯಾದಿ ಹೊಕ್ಕೇತಿ."

"ಹೋಗ್ಲಿ ಬಿಡು. ಮರ್ಯಾದಿ ಬಂದು ನೀರು ಹೊರಂಗಿಲ್ಲ."

ಮೊಮ್ಮಗಳು ಹುಟ್ಟಿದಳು. ಐರಣಿಯಿಂದ ಬೀಗತಿ ಬಂದರು. ಚೀಲ ಕೆಳಗಿಡುವ ಮೊದಲೇ, "ಎಲ್ಲಾ ಹೇಳ್ಯಾಳ್ರಿ. ನೀವು ಕುರ್ಚಿ ಮ್ಯಾಲೆ ಕುಂತು ಹೇಳ್ರಿ, ನಾ ಮಾಡ್ತೀನಿ" ಅಂದರು. ಬಚ್ಚಲ ಬಾಗಿಲಲ್ಲಿ ತಹಶೀಲ್ದಾರರ ಹಾಗೆ ಕೂತು ಹುಕುಂ ಕೊಟ್ಟೆ. ಬೀಗತಿಯ ಕೈ ನನ್ನ ಮಗಳ ಬೆನ್ನು ತಿಕ್ಕುತ್ತಿತ್ತು. ನನ್ನ ಎರಡೂ ಕೈ ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು. ಮಗಳು ನನ್ನಿಂದ ಇಷ್ಟು ದೂರ ಎಂದೂ ಕೂತಿರಲಿಲ್ಲ. ಇದ್ದದ್ದು ನಾಲ್ಕು ಮೊಳ.

ರಿಂಗ್ ಈಗಲೂ ಇದೆ. ತೆಗೆದು ತೊಳೆದು ಹಾಕಿಸಿಕೊಳ್ಳಲು ಆಗಾಗ ಹೋಗಬೇಕು. ಆಪರೇಶನ್ ಆಗುವುದೋ ಬಿಡುವುದೋ. ಅದರಲ್ಲಿ ಸಾಯುವುದನ್ನಂತೂ ನಾನು ಆಗಲೇ ಯೋಚಿಸಿಟ್ಟಿದ್ದೇನೆ.

ಆ ಬಾಣಂತನದಲ್ಲೇ ಒಂದು ದಿನ ಶೈಲಾಗೂ ಕೂಸಿಗೂ ಎರೆದು, ಹೊದಿಸಿ ಮಲಗಿಸಿ, ಬೀಗತಿ ಬಚ್ಚಲಿಗೆ ತಿರುಗಿ ಬಂದರು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದು ಹಾಗೇ ಇತ್ತು.

"ಹಂಡೇದಾಗ ನೀರು ಉಳದೈತ್ರಿ. ಬರ್ರಿ, ಕುಂದ್ರಿ."

"ನಾ ಏನ್ ಬಾಣಂತಿ ಅಲ್ಲಲ್ರಿ."

"ಖರೇ, ಅಲ್ರಿ. ಬರ್ರಿ."

ಮಣೆಯ ಮೇಲೆ ಕೂತೆ. ಬೆನ್ನಿಗೆ ನೀರು ಬಿತ್ತು. ಬಿಸಿ ಸ್ವಲ್ಪ ಹೆಚ್ಚೇ ಇತ್ತು. ಹೇಳಿದರೆ ನಿಲ್ಲಿಸಿಬಿಟ್ಟಾರು ಅಂತ ಸುಮ್ಮನಿದ್ದೆ.