ಸೂತಕದ ಮನೆಯ ನೀರು

ಆ ಬೆಳಿಗ್ಗೆಯೂ ಕುಮಟೆಯ ನಮ್ಮ ಮನೆ ಜಗಲಿಯಲ್ಲಿ ಎಂದಿನಂತೆ ಅಮೆರಿಕದ ಮಾರ್ಮನ್ ಎಂಬ ಕ್ರೈಸ್ತ ಪಂಥದ ಇಬ್ಬರು ಯುವಕರಿಗೆ ಕನ್ನಡ ಹೇಳಿಕೊಟ್ಟಿದ್ದೆ. ಧರ್ಮಸೇವೆಗೆಂದು ದೇಶ ಬಿಟ್ಟು ಬಂದವರು. ಚಹಾ ಅವರಿಗೆ ನಿಷಿದ್ಧ. ಮಧ್ಯಾಹ್ನ ನನ್ನ ಹೆಂಡತಿ ಹೃದಯಾಘಾತದಿಂದ ತೀರಿಕೊಂಡಳು.

ಮರುದಿನ ಅವರು ಬಂದರು. ಸೂತಕವಾದ್ದರಿಂದ ಬಂದವರಾರೂ ನಮ್ಮಲ್ಲಿ ಹನಿ ನೀರೂ ಮುಟ್ಟುತ್ತಿರಲಿಲ್ಲ. ಬಾಯಾರಿಕೆಗೆ ಏನು ಬೇಕೆಂದು ನಾನೂ ಕೇಳುವುದನ್ನು ಬಿಟ್ಟಿದ್ದೆ. ಇಬ್ಬರಲ್ಲಿ ಕಿರಿಯ, "ಮಾಸ್ತರ್ರೆ, ಆಸರಿಗೆ ಸ್ವಲ್ಪ ನೀರು ಕೊಡಿ" ಎಂದ.

ಪಕ್ಕದ ಮನೆಯ ದೇವಿಯಕ್ಕ ತಡೆದಳು. "ಸೂತಕದ ಮನೆ ನೀರು ಕುಡೂಕಾಗ ಮಾರಾಯ."

"ಗೊತ್ತು ಅಕ್ಕ. ನಮ್ಮಲ್ಲಿ ಕುಡೂಕಾಗದ್ದು ಚಹಾ ಮಾತ್ರ. ನೀರು ಆಗ್ತದೆ."

ಎಷ್ಟೋ ವರ್ಷ ಪಾಠ ಮಾಡಿದ್ದೇನೆ. ಶಿಷ್ಯನೊಬ್ಬನ ಮಾತಿಗೆ ಅಷ್ಟು ಹೆಮ್ಮೆಪಟ್ಟದ್ದು ಅದೇ ಮೊದಲು. ನಾನೇ ಒಳಗೆ ಹೋಗಿ ನೀರು ತಂದೆ.

ಅವನು ಕುಡಿದು, ಇನ್ನೊಂದು ಲೋಟ ಕೇಳಿದ.