ಒಗೆದು ತಂದ ಮ್ಯಾಟ್

ನಮ್ಮೂರಿನ ಹತ್ತಿರದ ಸೋಗಾನೆಯಲ್ಲಿ ವಿಮಾನ ಇಳಿಯಲು ಶುರುವಾದ ಮರುವರ್ಷದ ಮಾತು. ಆಗ ನಾನು ಶಿವಮೊಗ್ಗದ ವಿನೋಬನಗರದಲ್ಲಿ ಗೃಹಿಣಿ. ಈಗಲೂ ಅದೇ ಹುದ್ದೆಯಲ್ಲಿದ್ದೇನೆ. ಈ ಕೆಲಸಕ್ಕೆ ನೇಮಕಾತಿ ಪತ್ರ, ಬಡ್ತಿ, ನಿವೃತ್ತಿ ಯಾವುದೂ ಇಲ್ಲ. ಹೊರಗಿನ ಡ್ಯೂಟಿ ಮಾತ್ರ ಇದೆ. ವಾರಕ್ಕೆರಡು ದಿನ ಬಸ್ಸು ಹಿಡಿದು ಭದ್ರಾವತಿಯ ಜನ್ನಾಪುರಕ್ಕೆ, ತಮ್ಮನ ಮನೆಗೆ ಹೋಗುತ್ತಿದ್ದೆ. ಅಮ್ಮ ಇರುವುದು ಅಲ್ಲಿ. ತಮ್ಮ ಮತ್ತು ಅವನ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರಾದ್ದರಿಂದ, ನಾನು ಹೋದ ದಿನ ಅಮ್ಮನ ಸ್ನಾನ, ಊಟ, ಮಾತ್ರೆ ನನ್ನ ಪಾಲಿನದು.

ಮಳೆಗಾಲ ಮುಗಿಯುತ್ತ ಬಂದಿದ್ದ ಒಂದು ಬೆಳಿಗ್ಗೆ ಅಮ್ಮ ಬಚ್ಚಲುಮನೆಯಲ್ಲಿ ಜಾರಿ ಬಿದ್ದಳು. ನಾನು ಅಡುಗೆಮನೆಯಲ್ಲಿ ಪಲ್ಯಕ್ಕೆ ಒಗ್ಗರಣೆ ಹಾಕುತ್ತಿದ್ದೆ. ಓಡಿ ಹೋಗಿ ನೋಡಿದರೆ, ಲಂಗವನ್ನು ಎದೆಗೆ ಕಟ್ಟಿಕೊಂಡು ನೆಲದ ಮೇಲೆ ಕೂತಿದ್ದಾಳೆ. ಪುಣ್ಯಕ್ಕೆ ಮೂಳೆಗೇನೂ ಆಗಿರಲಿಲ್ಲ. ಆದರೆ ತಾನಾಗಿ ಏಳಲು ಆಗುತ್ತಿಲ್ಲ. ಕಂಕುಳಿಗೆ ಕೈ ಕೊಟ್ಟು ಎತ್ತಲು ನೋಡಿದೆ, ಅಲ್ಲಾಡಲಿಲ್ಲ. ಇನ್ನಷ್ಟು ಬಲ ಹಾಕಿದಾಗ ಅಮ್ಮ ಮೇಲೇಳುವ ಬದಲು ನನ್ನದೇ ಒಳಬಟ್ಟೆ ಒದ್ದೆಯಾಯಿತು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಕೊನೆಗೆ ಪಕ್ಕದ ಮನೆಯ ಮುರುಗೇಶಣ್ಣನನ್ನು ಕೂಗಿದೆ. ಕಾರ್ಖಾನೆಯಿಂದ ನಿವೃತ್ತರಾದ, ಬಹಳ ಮರ್ಯಾದಸ್ಥ ಮನುಷ್ಯ. ಬಚ್ಚಲ ಬಾಗಿಲಲ್ಲಿ ಮುಖ ತಿರುಗಿಸಿ ನಿಂತು, "ಮೊದ್ಲು ಒಂದ್ ಬೆಡ್‌ಶೀಟ್ ಹೊದ್ಸಮ್ಮಾ" ಎಂದರು. ಹೊದಿಸಿದೆ. ಒಂದೇ ಸಲಕ್ಕೆ ಎತ್ತಿ ಮಂಚದ ಮೇಲೆ ಕೂರಿಸಿ, ಕಾಫಿಗೂ ನಿಲ್ಲದೆ ಹೊರಟುಹೋದರು. ಬಚ್ಚಲು ತೊಳೆಯಲು ಹೋದಾಗ ಬಕೆಟ್ಟಿನಲ್ಲಿ ಇನ್ನೊಂದು ಲಂಗ ಸೋಪಿನ ನೀರಲ್ಲಿ ನೆನೆದಿತ್ತು. ಮನೆಯಲ್ಲಿ ವಾಷಿಂಗ್ ಮಶೀನ್ ಇರುವಾಗ ಈ ವಯಸ್ಸಿನಲ್ಲಿ ಕೈಯಲ್ಲಿ ಒಗೆಯುವ ಹಟ ಯಾಕೋ ಎಂದುಕೊಂಡು, ಅದನ್ನೂ ಹಿಂಡಿ ಒಣಗಿಸಿದೆ.

ಸಂಜೆ ನಾನು ಹೊರಡುವಾಗ ಅಮ್ಮ ಗೋಡೆ ನೋಡಿಕೊಂಡು ಹೇಳಿದಳು: "ಇನ್ನೊಂದ್ಸಲ ಬಿದ್ರೆ ಅಲ್ಲೇ ಬಿದ್ದಿರ್ತೀನಿ ಕಣೇ ವಿಜಿ. ಗಂಡಸ್ರನ್ನ ಕರೀಬೇಡ."

ಅಂದಿನಿಂದ ಅವಳು ಮುರುಗೇಶಣ್ಣ ಗಿಡಗಳಿಗೆ ನೀರು ಹಾಕುವ ಹೊತ್ತಿಗೆ ಜಗಲಿಯ ಕುರ್ಚಿಯಲ್ಲಿ ಕೂರುವುದನ್ನೇ ಬಿಟ್ಟಳು. ಆ ಖಾಲಿ ಕುರ್ಚಿಯನ್ನು ನೋಡಿದಾಗೆಲ್ಲ ನನ್ನ ತೋಳುಗಳ ಮೇಲೆ ನನಗೇ ಸಿಟ್ಟು ಬರುತ್ತಿತ್ತು. ಹೆತ್ತವಳನ್ನು ನೆಲದಿಂದ ಎತ್ತಲಾಗದ ಮೇಲೆ ನನ್ನ ಹುದ್ದೆಗೇನು ಅರ್ಥ?

ಇದನ್ನು ನನ್ನ ಗೆಳತಿ ಶೈಲಾಗೆ ಹೇಳಿದೆ. ನಮ್ಮ ಬೀದಿಯಲ್ಲೇ ಇದ್ದಾಳೆ, ಗಂಡನ ಜೊತೆ ಪಾತ್ರೆ ಅಂಗಡಿ ನಡೆಸುತ್ತಾಳೆ. "ಹಂಗಾದ್ರೆ ನಮ್ಮ ಕ್ಲಾಸಿಗೆ ಬಾ ಮಾರಾಯ್ತಿ. ಆ ಟ್ರೈನರ್ ಸೆಲ್ವಿ ನಿನ್ನ ಕೈಲಿ ಅಕ್ಕಿ ಮೂಟೆ ಎತ್ತಿಸ್ತಾಳೆ" ಎಂದಳು.

ಅದು ಹೈ ಇಂಟೆನ್ಸಿಟಿ ಇಂಟರ್ವಲ್ ಟ್ರೈನಿಂಗ್. ಓದುಗರಿಗೆ ತಿಳಿಯಲೆಂದು ಹೇಳುತ್ತೇನೆ: ಸ್ವಲ್ಪ ಹೊತ್ತು ಉಸಿರುಗಟ್ಟುವಷ್ಟು ವೇಗದಲ್ಲಿ ವ್ಯಾಯಾಮ, ನಡುವೆ ಚಿಕ್ಕ ವಿರಾಮ, ಮತ್ತೆ ಅದೇ ವೇಗ. ಎಲ್ಲರೂ ಗುಂಪಿನಲ್ಲಿ, ಹಾಡು ಹಾಕಿಕೊಂಡು ಮಾಡುತ್ತಾರೆ. ಶೈಲಾ ಮೊಬೈಲಿನಲ್ಲಿ ವಿಡಿಯೋ ತೋರಿಸಿದಳು. ಮುಂದಿನ ಸಾಲಿನ ಹೆಂಗಸರು ಕೈಕಾಲು ಅಗಲಿಸಿ ಹಾರುತ್ತಿದ್ದರು. ಅದಕ್ಕೆ ಜಂಪಿಂಗ್ ಜ್ಯಾಕ್ ಎಂದು ಹೆಸರು. ನೋಡುತ್ತಲೇ ನಾನು ಕೂತಲ್ಲೇ ಮಂಡಿ ಜೋಡಿಸಿದೆ.

ಇಲ್ಲಿ ಆ ಒದ್ದೆಯ ವಿಷಯ ಹೇಳಲೇಬೇಕು. ಎರಡನೆಯ ಹೆರಿಗೆ ಆದಾಗಿನಿಂದ ನನಗೆ ಕೆಮ್ಮಿದರೆ, ಸೀನಿದರೆ, ಜೋರಾಗಿ ನಕ್ಕರೆ ಮೂತ್ರದ ಹನಿ ಹೋಗುತ್ತದೆ. ಮಗ ಕಾಲೇಜಿಗೆ ಬಂದರೂ ನಾನು ಯಾರಿಗೂ ಹೇಳಿರಲಿಲ್ಲ. ಓದಿದ್ದು ಕಾನ್ವೆಂಟಿನಲ್ಲಿ. ಸಿಸ್ಟರ್‌ಗಳು ನೆಟ್ಟಗೆ ಕೂರುವುದನ್ನೂ, ಕೆಮ್ಮುವಾಗ ಕರ್ಚೀಫ್ ಅಡ್ಡ ಹಿಡಿಯುವುದನ್ನೂ ಅಕ್ಕರೆಯಿಂದ ಕಲಿಸಿದರು. ಸೊಂಟದ ಕೆಳಗಿನ ಸಂಗತಿಗೆ ಅಲ್ಲಿ ಇಂಗ್ಲಿಷಿನಲ್ಲಿ ಮಾತಿರಲಿಲ್ಲ. ಮನೆಗೆ ಬಂದರೆ ಕನ್ನಡದಲ್ಲೂ ಇರಲಿಲ್ಲ.

ನಗು ಬರುವ ಇನ್ನೊಂದು ವಿಷಯವೆಂದರೆ, ನಮ್ಮ ಯಜಮಾನರದ್ದು ಮೆಡಿಕಲ್ ಶಾಪ್. ಇದಕ್ಕೆಂದೇ ಇರುವ ಪ್ಯಾಡುಗಳು ಅಲ್ಲಿ ಮೇಲಿನ ಹಲಗೆಯಲ್ಲಿ ಧೂಳು ತಿನ್ನುತ್ತಿದ್ದವು. ಒಮ್ಮೆ ಊಟಕ್ಕೆ ಕೂತಾಗ, "ಅವನ್ನ ಇನ್ಮೇಲೆ ತರ್ಸಲ್ಲ. ನಮ್ಮ ಏರಿಯಾದಲ್ಲಿ ಯಾರಿಗೂ ಬೇಕಾಗಲ್ಲ, ಸುಮ್ನೆ ಡೇಟ್ ಮುಗಿಯುತ್ತೆ" ಎಂದರು. ನಾನು ಹೂಂಗುಟ್ಟಿ ಸಾರು ಬಡಿಸಿದೆ. ನನ್ನದನ್ನು ಭದ್ರಾವತಿ ಬಸ್ ಸ್ಟ್ಯಾಂಡಿನ ಹತ್ತಿರ, ಗುರುತಿಲ್ಲದ ಅಂಗಡಿಯಲ್ಲಿ, ಪೇಪರಿನಲ್ಲಿ ಸುತ್ತಿಸಿಕೊಂಡು ತರುತ್ತಿದ್ದೆ.

ಹೋಗಲೋ ಬೇಡವೋ ಎಂದು ಹಲವು ದಿನ ತೂಗಿದೆ. ಒಂದು ಕಡೆ ಜಗಲಿಯ ಖಾಲಿ ಕುರ್ಚಿ, ಇನ್ನೊಂದು ಕಡೆ ಆ ಹಾರಾಟ. ಕೊನೆಗೆ ಟ್ರಯಲ್ ಕ್ಲಾಸಿಗೆ ಒಪ್ಪಿದೆ. ಬೆಳಿಗ್ಗೆ ನೀರಿರಲಿ, ಕಾಫಿಯನ್ನೂ ಮುಟ್ಟಲಿಲ್ಲ. ಪ್ಯಾಡ್ ಇಟ್ಟುಕೊಂಡು ಕಪ್ಪು ಚೂಡಿದಾರ ಹಾಕಿಕೊಂಡೆ. ಹಿಂದಿನ ಮೂಲೆಯಲ್ಲಿ ನಿಂತುಬಿಡುವುದು ನನ್ನ ಲೆಕ್ಕಾಚಾರ.

ಕ್ಲಾಸು ನಡೆಯುತ್ತಿದ್ದುದು ಒಂದು ಕಲ್ಯಾಣ ಮಂಟಪದ ಊಟದ ಹಾಲಿನಲ್ಲಿ. ಮುಹೂರ್ತವಿದ್ದ ದಿನ ರಜ. ಮೇಜುಗಳನ್ನು ಮಡಚಿ ಗೋಡೆಗೆ ಒರಗಿಸಿದ್ದರು. ಹಿಂದಿನ ದಿನದ ಸಾರಿನ ವಾಸನೆ ಇನ್ನೂ ಇತ್ತು. ಟ್ರೈನರ್ ಸೆಲ್ವಿ ಭದ್ರಾವತಿಯ ಕ್ವಾರ್ಟರ್ಸಿನಲ್ಲಿ ಬೆಳೆದ, ದೈಹಿಕ ಶಿಕ್ಷಣ ಓದಿದ ಹುಡುಗಿ. ತನ್ನ ತಿಳಿಗುಲಾಬಿ ಮ್ಯಾಟುಗಳನ್ನು ತಾನೇ ಸಾಲಾಗಿ ಹಾಸುತ್ತಿದ್ದಳು. ನಾನು ಹಿಂದಕ್ಕೆ ಸರಿಯುವಷ್ಟರಲ್ಲಿ ಶೈಲಾ ಕೈ ಹಿಡಿದು ಎಳೆದಳು.

"ಎಲ್ಲಿಗೆ ಹೋಗ್ತೀಯ? ಹೊಸಬ್ರು ಮೊದಲ್ನೇ ಪಂಕ್ತಿ. ನೆಂಟ್ರನ್ನ ಕೊನೇ ಪಂಕ್ತೀಲಿ ಕೂರಿಸ್ತೀವೇನೆ?"

ಎಲ್ಲರೂ ನಕ್ಕರು. ನನ್ನನ್ನು ಸೆಲ್ವಿಯ ಎದುರಿಗೇ ನಿಲ್ಲಿಸಿ, ತಾನು ಮನೆಯವಳ ಹಾಗೆ ಕೊನೆಯ ಸಾಲಿಗೆ ಹೋದಳು. ಮರ್ಯಾದೆ ಮಾಡಿದವರ ಕೈ ಬಿಡಿಸಿಕೊಳ್ಳಲು ನನಗೆ ಬರಲಿಲ್ಲ.

ಮೊದಲ ಸುತ್ತು ಕೂತು ಏಳುವುದು, ಹೇಗೋ ನಿಭಾಯಿಸಿದೆ. ಎರಡನೆಯದು ಹಾರುವುದು. ಟೈಮರ್ ಕೂಗಿತು, ಹಾರಿದೆ. ಸ್ವಲ್ಪ ಹೊತ್ತಿಗೆ ಹನಿ, ಮತ್ತೂ ಸ್ವಲ್ಪ ಹೊತ್ತಿಗೆ ತಡೆಯಲಾಗದಷ್ಟು. ಪ್ಯಾಡ್ ಸರಿದಿತ್ತು. ನಾನು ಥಟ್ಟನೆ ಮ್ಯಾಟಿನ ಮೇಲೆ ಕೂತೆ. ಏಳುವಾಗ ನೋಡಿದರೆ ಗುಲಾಬಿ ಬಣ್ಣದ ಮೇಲೆ ಅಂಗೈಯಗಲದ ಕಲೆ. ಆ ಹೊತ್ತಿನಲ್ಲಿ ಬುದ್ಧಿಗೆ ತೋಚಿದ್ದು ಒಂದೇ. ಮ್ಯಾಟನ್ನು ಒದ್ದೆ ಒಳಗಾಗುವಂತೆ ಸುತ್ತಿ, ಕಂಕುಳಲ್ಲಿಟ್ಟು, ಮೇಲೆ ವೇಲು ಹೊದಿಸಿ ಹೊರಟೆ.

"ವಿಜೀ, ಏನಾಯ್ತೇ?" ಶೈಲಾ ಹಿಂದಿನಿಂದ ಕೂಗಿದಳು.

"ಮೀನಖಂಡ ಹಿಡ್ಕೊಳ್ತು."

"ಮ್ಯಾಟ್ ಯಾಕೆ ತಗೊಂಡ್ ಹೋಗ್ತಿದೀಯ?"

"ಮನೇಲಿ ಪ್ರಾಕ್ಟೀಸ್ ಮಾಡ್ತೀನಿ" ಎಂದೆ. ಕುಂಟುವುದನ್ನು ಕೂಡ ಮರೆತಿದ್ದೆ.

ಮನೆಯಲ್ಲಿ ಸೋಪಿನ ಪುಡಿ ಹಾಕಿ ತಿಕ್ಕಿದೆ, ನಿಂಬೆಹಣ್ಣು ಹಚ್ಚಿ ತೊಳೆದೆ. ತಾರಸಿಯ ಮೇಲೆ ಎರಡು ಬೆಡ್‌ಶೀಟುಗಳ ನಡುವೆ ಮರೆಮಾಡಿ ಒಣಹಾಕಿದೆ. ಮೋಡ ಬೇರೆ, ಆ ದಪ್ಪ ಮ್ಯಾಟ್ ಒಣಗಲೇ ಇಲ್ಲ. ಶೈಲಾ ಫೋನಿನ ಮೇಲೆ ಫೋನು: "ಪ್ರಾಕ್ಟೀಸ್ ಸಾಕು, ಸೆಲ್ವಿಗೆ ಮ್ಯಾಟ್ ಬೇಕಂತೆ ಕಣೇ." ಫೋನ್ ಸದ್ದಾದರೆ ಕಿವಿ ಬಿಸಿಯಾಗುತ್ತಿತ್ತು. ಸುಳ್ಳಿಗೆ ಅಂಜಿದ್ದಕ್ಕಿಂತ ಹೆಚ್ಚಾಗಿ, ಯಾರಾದರೂ ನಿಜ ಊಹಿಸಿಯಾರೆಂಬ ಅಂಜಿಕೆ.

ಮ್ಯಾಟ್ ಒಣಗಿದ ದಿನ, ಕ್ಲಾಸು ಮುಗಿದು ಎಲ್ಲರೂ ಹೋದ ಮೇಲೆ ಹಾಲಿಗೆ ಹೋದೆ. ಸೆಲ್ವಿ ಒಬ್ಬಳೇ ಇದ್ದಳು. ಮ್ಯಾಟ್ ಬಿಚ್ಚಿ ಮೂಗಿಗೆ ಹಿಡಿದಳು.

"ನಿಂಬೆಹಣ್ಣಾ ಅಕ್ಕಾ? ಮುಂಚೆ ಒಬ್ರು ಶಾಂಪೂ ಹಾಕಿ ತಂದಿದ್ರು. ಇನ್ನೊಬ್ರು ಹಳೇದು ಕಳ್ದೋಯ್ತು ಅಂತ ಹೊಸಾ ಮ್ಯಾಟೇ ತಂದುಕೊಟ್ರು."

ನಾನು ನೆಲ ನೋಡಿದೆ. ಟೈಲ್ಸಿನ ಸಂದಿಯಲ್ಲಿ ಒಂದು ಅನ್ನದ ಅಗುಳು ಒಣಗಿ ಅಂಟಿತ್ತು. ಇವತ್ತಿಗೂ ಅದು ಕಣ್ಣಿಗೆ ಕಟ್ಟಿದೆ.

"ಹಿಂದಿನ ಸಾಲಿನವ್ರು ಹಾರಿದ್ದು ನೋಡಿದ್ರಾ?" ಸೆಲ್ವಿ ಕೇಳಿದಳು. "ಅವ್ರು ಹಾರಲ್ಲ ಅಕ್ಕಾ. ಕಾಲು ಆಕಡೆ ಈಕಡೆ ಇಟ್ಟು ಜೋರಾಗಿ ಮಾಡ್ತಾರೆ. ಹಂಗ್ ಮಾಡಿದ್ರೂ ಉಸಿರು ಏರುತ್ತೆ, ಬಲ ಬರುತ್ತೆ."

"ನನಗೆ ಮೊದ್ಲೇ ಹೇಳ್ಬೇಕಿತ್ತು."

"ನೀವ್ ಹೇಳಿದ್ರಾ? ಹೊಸಬ್ರನ್ನ ಎಲ್ರ ಮುಂದೆ ಹೆಂಗ್ ಕೇಳ್ಲಿ ಅಂತ ನಾನೂ ಸುಮ್ನಿದ್ದೆ. ನಂದೂ ತಪ್ಪೇ. ಮೊದ್ಲು ಲೇಡಿ ಡಾಕ್ಟರ್‌ಗೆ ತೋರ್ಸಿ, ಇದಕ್ಕೆ ಬೇರೆ ವ್ಯಾಯಾಮ ಇದೆ. ಆಮೇಲೆ ಬನ್ನಿ." ಮ್ಯಾಟ್ ಸುತ್ತುತ್ತ ನಕ್ಕಳು. "ನಮ್ಮ ಭದ್ರಾವತಿಯವ್ರು ಪ್ಯಾಡ್ ತಗೊಳ್ಳೋಕೆ ಶಿವಮೊಗ್ಗಕ್ಕೆ ಬಸ್ ಹತ್ತುತಾರೆ, ಇಲ್ಲಿಯವ್ರು ಭದ್ರಾವತಿಗೆ ಹತ್ತುತಾರೆ. ಬಸ್ಸಿನವ್ರಿಗೆ ಒಳ್ಳೇ ಲಾಭ!"

ನಾನು ನಗಲಿಲ್ಲ, ನಕ್ಕರೆ ಏನಾಗುತ್ತದೆಂದು ಗೊತ್ತಿತ್ತು. ಇಷ್ಟಾದರೂ ಮತ್ತೆ ಆ ಹಾಲಿಗೆ ಕಾಲಿಡುವ ಧೈರ್ಯ ಬಂದಿರಲಿಲ್ಲ. ಒಬ್ಬಳಿಗೆ ಗೊತ್ತಾದದ್ದೇ ಸಾಕಾಗಿತ್ತು.

ಮರುದಿನ ಜನ್ನಾಪುರಕ್ಕೆ ಹೋದೆ. ಅಮ್ಮ ಬಚ್ಚಲಲ್ಲಿದ್ದಳು, ಬಾಗಿಲು ಓರೆ. ಒಳಗಿನಿಂದ ಬಟ್ಟೆ ಕುಸುಬುವ ಸದ್ದು. ಇಣುಕಿದರೆ ಸೋಪಿನ ನೊರೆಯ ನಡುವೆ ಗೋಡೆ ಹಿಡಿದು ನಿಂತು, ಒಂದೇ ಕೈಯಲ್ಲಿ ಲಂಗ ಒಗೆಯುತ್ತಿದ್ದಾಳೆ. ತಾರಸಿಯ ಎರಡು ಬೆಡ್‌ಶೀಟುಗಳು ನೆನಪಾದವು. ಅವಳು ಬಿದ್ದದ್ದು ಯಾಕೆಂದು ಆಗ ತಿಳಿಯಿತು. ಅವತ್ತು ಆ ಲಂಗವನ್ನು ಹಿಂಡಿದ್ದು ನಾನೇ, ಆದರೂ ತಿಳಿದಿರಲಿಲ್ಲ.

ಬಾಗಿಲ ಹೊರಗೆ, ಅವಳ ಮುಖ ಕಾಣದ ಹಾಗೆ ನಿಂತು ಕೇಳಿದೆ: "ಅಮ್ಮಾ, ಕೆಮ್ಮಿದ್ರೆ ಹನಿ ಹೋಗುತ್ತಾ ನಿಂಗೆ?"

ಕುಸುಬುವ ಸದ್ದು ನಿಂತಿತು. "ಯಾರ್ ಹೇಳಿದ್ರು?"

"ಯಾರೂ ಇಲ್ಲ. ನಂಗೂ ಹೋಗುತ್ತೆ."

ಅವಳು ನಲ್ಲಿ ನಿಲ್ಲಿಸಿದಳು. "ನಿನ್ನ ಹೆತ್ತ ಮೇಲಿಂದ ಕಣೇ. ಸೊಸೆ ಎಲ್ಲರ ಬಟ್ಟೆ ಜೊತೆ ಮಶೀನಿಗೆ ಹಾಕಿದ್ರೆ ಏನಂದ್ಕೊಳ್ತಾಳೆ? ನಿಂಗ್ ಬಂದಿದೆ ಅಂತ ನಂಗೆ ಗೊತ್ತೇ ಆಗ್ಲಿಲ್ಲವಲ್ಲೇ."

ನಾನು ಒಳಗೆ ಹೋಗಿ ನೊರೆಯ ಮೇಲೆ ನೀರು ಸುರಿದೆ, ಅವಳು ನನ್ನ ಭುಜ ಹಿಡಿದು ಹೊರಗೆ ಬಂದಳು.

ವಾಪಸಾಗುವಾಗ ಬಸ್ ಸ್ಟ್ಯಾಂಡಿನ ಆ ಅಂಗಡಿಗೆ ಹೋಗದೆ ಬಸ್ಸು ಹತ್ತಿದೆ. ಶಿವಮೊಗ್ಗದಲ್ಲಿ ಇಳಿದು ನೇರ ನಮ್ಮ ಯಜಮಾನರ ಅಂಗಡಿಗೆ ಹೋದೆ. ಕೌಂಟರಿನಲ್ಲಿ ಇಬ್ಬರು ಗಿರಾಕಿಗಳಿದ್ದರು; ಅವರು ಹೋಗುವ ತನಕ ಕೆಮ್ಮಿನ ಸಿರಪ್ಪುಗಳ ಹೆಸರು ಓದುತ್ತ ನಿಂತೆ.

"ರೀ, ಮೇಲಿನ ಹಲಗೇದು ಎರಡು ಪ್ಯಾಕೆಟ್ ಕೊಡಿ. ಒಂದು ಅಮ್ಮಂಗೆ."

ಸ್ಟೂಲ್ ಹತ್ತಿ, ಧೂಳು ಒರೆಸಿ ಇಳಿಸಿದರು. "ಇನ್ನೊಂದು?"

"ನಂಗೆ" ಎಂದೆ. ಮುಖ ಕಾದ ಹಂಚಾಗಿತ್ತು. ಅವರು ಅಭ್ಯಾಸಬಲದಿಂದ ಪೇಪರಿಗೆ ಕೈ ಹಾಕಿದರು, ಸುತ್ತಿ ಕೊಟ್ಟರು. ಬೇಡವೆನ್ನುವಷ್ಟು ಧೈರ್ಯ ನನಗೂ ಇರಲಿಲ್ಲ.

ಡಾಕ್ಟರ ಹತ್ತಿರ ಅಮ್ಮನನ್ನೂ ಕರೆದುಕೊಂಡು ಹೋದೆ. ಅವರು ಒಪ್ಪಿದ ಮೇಲೆ ಕ್ಲಾಸಿಗೆ ಸೇರಿ, ಕೊನೆಯ ಸಾಲಿನಲ್ಲಿ ಶೈಲಾಳ ಪಕ್ಕ ನಿಂತೆ. "ನಿಂಗೂನಾ? ಥೂ ನನ್ನ! ನೆಂಟ್ರು ಅಂತ ಮುಂದೆ ನಿಲ್ಸಿದ್ನಲ್ಲೇ" ಎಂದು ಅವಳು ತಲೆ ಚಚ್ಚಿಕೊಂಡಳು. ನಾನು ಈಗಲೂ ಹಾರುವುದಿಲ್ಲ. ನಾಚಿಕೆ ಪೂರ್ತಿ ಹೋಗಿದೆ ಎಂದರೆ ಅದೂ ಸುಳ್ಳಾಗುತ್ತದೆ. ಆದರೆ ಮಂಚದ ಅಂಚಿನಿಂದ ಅಮ್ಮನನ್ನು ಎಬ್ಬಿಸಿ, ಕಂಕುಳಿಗೆ ಕೈ ಕೊಟ್ಟು ಜಗಲಿಯ ಕುರ್ಚಿಯ ತನಕ ತರುತ್ತೇನೆ. ಮುರುಗೇಶಣ್ಣ ಗಿಡಕ್ಕೆ ನೀರು ಹಾಕುತ್ತಿದ್ದರೂ ಅವಳು ಕೂರುತ್ತಾಳೆ, ಸೆರಗು ಸರಿ ಮಾಡಿಕೊಂಡು.

ಈ ಕೆಲಸ ನನಗೆ ಕಲಿಸಿದ ಪಾಠ ಒಂದೇ. ಮನೆಯಲ್ಲಿ ಯಾರಾದರೂ ತಮ್ಮ ಬಟ್ಟೆಯನ್ನು ತಾವೇ ಒಗೆಯುತ್ತೇನೆಂದು ಹಟ ಹಿಡಿದರೆ, ನಾನೀಗ ಯಾಕೆಂದು ಕೇಳುವುದಿಲ್ಲ. ಒಳಗಿನ ನೆಲ ಒಣಗಿಸಿ ಕೊಟ್ಟು, ಬಾಗಿಲ ಹೊರಗೆ ನಿಂತು, ಮೊದಲು ನನ್ನದನ್ನು ಹೇಳುತ್ತೇನೆ.