ಬನದೊಳಗಿನ ದುರ್ಗಯ್ಯ

ನಮ್ಮೂರು ಕೆಂಕೆರೆ ಕಡೆ. ತೆಂಗಿನಕಾಯಿ ಸುಲಿಯುವ ದುರ್ಗಯ್ಯ ನಮ್ಮ ಪಕ್ಕದ ಮನೆಯವನು. ಕುಡಿಯುವುದಿಲ್ಲ, ಹೆಂಡತಿಯ ಮೇಲೆ ಕೈ ಎತ್ತುವುದಿಲ್ಲ. ಬಾಯಿ ಮಾತ್ರ ಹರಕು. ಕಾಯಿಗೆ ಬೈಗುಳ, ಕರೆಂಟಿಗೆ ಬೈಗುಳ, ಅನ್ನ ಇಕ್ಕುವ ಹೆಂಡತಿ ಭೈರಮ್ಮನಿಗೂ ಬೈಗುಳ. ನಡುವೆ ಇರುವುದು ಒಂದೇ ಗೋಡೆ, ಹಾಗಾಗಿ ನನಗೂ ಅರ್ಧ ಪಾಲು ಬರುತ್ತಿತ್ತು.

ಹೋದ ಶ್ರಾವಣದಲ್ಲಿ ಭೈರಮ್ಮ ಸಾಕಾಗಿ ಬಿಳಿಗೆರೆಯ ಅಕ್ಕನ ಮನೆ ಸೇರಿಕೊಂಡಳು. ಕರೆತರಲು ಹೋದ ಈ ಮಹಾರಾಯ ಅವರ ಜಗುಲಿಯ ಮೇಲೆ ನಿಂತು, ತಡಮಾಡಿ ತಂದಿಳಿಸಿದ ಬಸ್ಸಿನವನಿಗೆ ಬಾಯಿಗೆ ಬಂದಂತೆ ಬೈದ. ಅವರು ಬಾಗಿಲು ಹಾಕಿಕೊಂಡರು.

“ಬಾಯಿಗೆ ಬೀಗ ಹಾಕ್ಕೊಂಡು ಹೋಗಕ್ಕೇನಾಗಿತ್ತು ನಿಂಗೆ?” ಎಂದು ನಾನೂ ಸಿಡುಕಿದೆ.

“ಬೇಕು ಅಂತ ಬೈತೀನಾ ಮಂಗಳಕ್ಕ? ತಾನಾಗೇ ಬತ್ತದೆ ಕಣಕ್ಕ. ಅವ್ಳಿಲ್ದೆ ಮನೆ ಬಿಕೋ ಅಂತದೆ” ಎಂದು ಕಣ್ಣೊರೆಸಿಕೊಂಡ.

ಅಯ್ಯೋ ಅನ್ನಿಸಿತು. ಭೈರಮ್ಮನಿಗೆ ಫೋನು ಮಾಡಿದೆ. “ಚೌಡಮ್ಮನ ಬನಕ್ಕೆ ಬರಕ್ಕೇಳು, ಅಲ್ಲಾದ್ರೆ ಮಾತಾಡ್ತೀನಿ” ಎಂದಳು.

ನಮ್ಮ ಚೌಡಮ್ಮನಿಗೆ ಗುಡಿಯಿಲ್ಲ. ಹಳೆಯ ಇಪ್ಪೆಮರಗಳು, ಒಂದು ಹುತ್ತ, ಅಷ್ಟೇ. ಚಪ್ಪಲಿಯನ್ನು ಆಚೆಯ ಕಲ್ಲಿನ ಹತ್ತಿರವೇ ಬಿಡಬೇಕು. ಒಣಗಿದ ಕಡ್ಡಿಯನ್ನೂ ಮನೆಗೆ ತರುವಂತಿಲ್ಲ, ಕೆಟ್ಟ ಮಾತು ಆಡುವಂತಿಲ್ಲ. ಹುಟ್ಟಿದಾಗಿನಿಂದ ನಮಗೆಲ್ಲ ಅದು ಮೈಗೂಡಿದೆ.

ಆ ದಿನ ನಾನೂ ಭೈರಮ್ಮನೂ ಮೊದಲೇ ಬನದಲ್ಲಿ ಕೂತಿದ್ದೆವು. ದುರ್ಗಯ್ಯ ಚಪ್ಪಲಿ ಬಿಟ್ಟು ಒಳಗೆ ಬಂದವನೇ ಕಟ್ಟಿರುವೆ ತುಳಿದ. ಅದು ಕಚ್ಚಿತು. ಈಗ ಬೈದೇ ಬೈಯುತ್ತಾನೆ ಅಂದುಕೊಂಡೆ. ಅವನು ಬಗ್ಗಿ ಇರುವೆಯನ್ನು ಬಿಡಿಸಿ, “ಹೋಗು ತಾಯಿ” ಎಂದ. ಆಮೇಲೆ ಹೆಂಡತಿಯ ಕಡೆ ತಿರುಗಿ, “ಉಂಡ್ಯಾ?” ಎಂದು ಕೇಳಿದ.

ಭೈರಮ್ಮನ ಕಣ್ಣು ತುಂಬಿ ಬಂತು. “ಇಲ್ಲಿ ನಿಲ್ಲೋ ಬಾಯಿ ಮನೇಲ್ಯಾಕೆ ನಿಲ್ಲಲ್ಲ? ಇನ್ಮೇಲೆ ಚಪ್ಪಲಿ ನಮ್ಮನೆ ಬೇಲಿ ಹತ್ರ ಬುಡು. ಅಲ್ಲಿಂದೊಳಕ್ಕೆ ಅಮ್ಮನ ಬನ ಅಂದ್ಕೋ” ಎಂದಳು.

ಈಗ ಬೈಯುವುದು ಬಾಕಿಯಿದ್ದರೆ ಬೇಲಿಯಾಚೆ ನಿಂತು ಮುಗಿಸಿ, ಚಪ್ಪಲಿ ಬಿಟ್ಟು ಒಳಗೆ ಬರುತ್ತಾನೆ.

ಮೊನ್ನೆ ಅವನು ಹಸುವಿಗೆ ನೀರಿಡುವುದನ್ನು ಮರೆತಿದ್ದ. ಭೈರಮ್ಮ ಸರಸರನೆ ಬೇಲಿ ದಾಟಿ, ತನ್ನ ಚಪ್ಪಲಿ ಮೆಟ್ಟಿ, ಅವನದೇ ಬೈಗುಳಗಳನ್ನು ಒಂದೂ ಬಿಡದೆ ಅವನಿಗೇ ಒಪ್ಪಿಸಿದಳು. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಹೋಗಿ ಮುದ್ದೆ ಬಡಿಸಿದಳು.

ದುರ್ಗಯ್ಯ ಮುದ್ದೆ ಮುರಿಯಲಿಲ್ಲ. ಅವನ ದನಿ ಗೋಡೆಯಾಚೆಯಿಂದ ಸಣ್ಣಗೆ ಕೇಳಿಸಿತು.

“ಇಷ್ಟು ವರ್ಸ ನಿಂಗೆ ಹಿಂಗೇ ಆಯ್ತಿತ್ತೇನೇ?”